ಹಿತ್ತಲಸೀಮೆಯ ಮಂಗಳವಾರ

ಮದುವೆಯಾಗಿ ಕ್ಯಾತನಹಳ್ಳಿಗೆ ಬಂದ ಮರುದಿನವೇ ನಾನು ಒಂದು ರಾಜಧಾನಿಯನ್ನು ಮುಳುಗಿಸಿದೆ. ಬೇಕಂತ ಮಾಡಿದ್ದಲ್ಲ. ಹಿತ್ತಲಿನ ಒಗೆಯುವ ಕಲ್ಲಿನ ಮೇಲೆ ಬಟ್ಟೆ ಕುಕ್ಕಿ, ಬಕೆಟ್ಟಿನ ನೀರನ್ನು ಒಂದೇ ಸಲಕ್ಕೆ ಸುರಿದೆ. ಕೊಟ್ಟಿಗೆಯ ಬಾಗಿಲಲ್ಲಿ ನಿಂತಿದ್ದ ಎಂಟು ವರ್ಷದ ಸಿಂಚನ ಕಿರುಚಿದಳು.

"ಅಯ್ಯೋ, ಊರೆಲ್ಲ ಕೊಚ್ಕೊಂಡೋಯ್ತು! ನಿಧಾನಕ್ಕೆ ಉಯ್ಯಕ್ಕಾಗಲ್ವಾ ನಿಮ್ಗೆ?"

ಸಿಂಚನ ನನ್ನ ಗಂಡ ಮಂಜುನಾಥನ ಮಗಳು. ಅವಳ ತಾಯಿ ಸುಕನ್ಯ ತೀರಿಕೊಂಡು ಎರಡು ವರ್ಷವಾಗಿತ್ತು. ನನಗೋ ಕೋಪ ಮೂಗಿನ ತುದಿಯಲ್ಲೇ ಇರುತ್ತದೆ. ತವರು ಸಿಂಧಘಟ್ಟದಲ್ಲಿ ನನ್ನೆದುರು ಹೀಗೆ ದನಿಯೆತ್ತಿದ ಮಕ್ಕಳಿಲ್ಲ. ಬೈಯಲೆಂದೇ ಬಾಯಿ ತೆರೆದೆ. ಆದರೆ ಅವಳು ಆಗಲೇ ಕೆಸರಿನಲ್ಲಿ ಕೂತು, ಕಣ್ಣಿಗೆ ಕಾಣದ ಯಾರನ್ನೋ ಎರಡು ಬೆರಳಲ್ಲಿ ಎತ್ತಿ ಎತ್ತಿ ದಡಕ್ಕೆ ಹಾಕುತ್ತಿದ್ದಳು. ನಾನೂ ಸೆರಗು ಸಿಕ್ಕಿಸಿಕೊಂಡು ಪಕ್ಕದಲ್ಲಿ ಕೂತೆ.

"ಎಷ್ಟ್ ಜನ ಅವ್ರೆ?" ಅಂದೆ.

"ಎಣ್ಸಕ್ಕಾಗಲ್ಲ. ಸುಮ್ನೆ ಎತ್ತಿ," ಅಂದಳು.

ಹೀಗೆ ನನಗೆ ಹಿತ್ತಲಸೀಮೆಯ ಪರಿಚಯವಾಯಿತು. ಒಗೆಯುವ ಕಲ್ಲಿನ ನೀರೇ ಆ ದೇಶದ ನದಿ. ಯಾರಾದರೂ ಬಟ್ಟೆ ಒಗೆದರೆ ಮಾತ್ರ ಹರಿಯುತ್ತದೆ. ಉತ್ತರಕ್ಕೆ ನಮ್ಮ ತಿಪ್ಪೆ. ಅವರಿಗೆ ಅದು ಬೆಳಗಿನ ಚಳಿಯಲ್ಲಿ ಹೊಗೆಯಾಡುವ ದೇವರ ಬೆಟ್ಟ. ದಕ್ಷಿಣಕ್ಕೆ ಕಬ್ಬಿನ ಗದ್ದೆ. ಅದರ ಕೊನೆ ಕಂಡವರು ಯಾರೂ ಇಲ್ಲ. ಕೋಳಿ ಕೆದಕಿದಾಗಲೆಲ್ಲ ಗುಡ್ಡಗಳು ಜಾಗ ಬದಲಿಸುತ್ತವೆ, ಅದಕ್ಕೆ ಅಲ್ಲಿ ಯಾರೂ ಬೇಸರ ಮಾಡಿಕೊಳ್ಳುವುದಿಲ್ಲ. ಜನ ಹೆಬ್ಬೆರಳಷ್ಟು ಎತ್ತರ. ಸಿಟ್ಟು ಬಂದರೆ ಹಸಿರಾಗುತ್ತಾರಂತೆ. ನಾನೇನಾದರೂ ಅಲ್ಲಿ ಹುಟ್ಟಿದ್ದರೆ ಮೂರು ಹೊತ್ತೂ ಹಸಿರಾಗಿಯೇ ಇರುತ್ತಿದ್ದೆ.

ಅಲ್ಲಿ ರಾಜನಿಲ್ಲ. ನಮ್ಮ ನಾಲೆಯ ನೀರು ಗದ್ದೆಗಳಿಗೆ ಸರದಿಯ ಮೇಲೆ ಬರುವ ಹಾಗೆ ಅಲ್ಲಿ ಆಡಳಿತವೂ ಸರದಿಯ ಮೇಲೆ ಬರುತ್ತದೆ. ತೂಬು ತೆಗೆದು ಮುಚ್ಚುವ ನೀರುಗಂಟಿ ಇವತ್ತು ಯಾರ ದಿನವೆಂದು ಹೇಳಿದರೆ ಅವತ್ತು ಅವರದೇ ಕಾನೂನು. ಆ ನೀರುಗಂಟಿ ಸಿಂಚನಳೇ. ಸೋಮವಾರ ನನ್ನ ಅತ್ತೆ ಪುಟ್ಟಗೌರಮ್ಮನವರದು. ಬುಧವಾರ ಕೊಟ್ಟಿಗೆಯ ಎಮ್ಮೆಯದು. ಆ ದಿನ ಜನ ಬಹಳ ಸುಖವಾಗಿರುತ್ತಾರೆ. ಮಂಗಳವಾರ ಸುಕನ್ಯಳದು. ಬಟ್ಟೆ ಒಗೆಯುತ್ತ, ಮಗಳನ್ನು ಪಕ್ಕದಲ್ಲಿ ಕೂರಿಸಿಕೊಂಡು, ಈ ದೇಶ ಕಟ್ಟಿದವಳೇ ಅವಳು. ಅವಳು ಹೋದ ಮೇಲೂ ಆ ದಿನವನ್ನು ಸಿಂಚನ ಯಾರಿಗೂ ಕೊಟ್ಟಿರಲಿಲ್ಲ. ಮಂಗಳವಾರ ಶಾಲೆಯಿಂದ ಬಂದವಳು ಬೆನ್ನಿನ ಚೀಲವನ್ನೂ ಇಳಿಸದೆ ಒಗೆಯುವ ಕಲ್ಲಿನ ಮೇಲೆ ಕೂತು, ಕತ್ತಲಾಗುವವರೆಗೂ ಸುಮ್ಮನೆ ತುಟಿ ಅಲ್ಲಾಡಿಸುತ್ತಿದ್ದಳು.

ಕೆಲವು ತಿಂಗಳು ಕಳೆದವು. ಸಿಂಚನ ಜಡೆ ಹಾಕಲು ನನಗೆ ತಲೆ ಕೊಟ್ಟಳು, ನಾನು ಬಡಿಸಿದ್ದನ್ನು ಉಂಡಳು. ಹಿತ್ತಲಸೀಮೆಯಲ್ಲಿ ನದಿ ಬಿಡುವ ಕೆಲಸವೂ ಸಿಕ್ಕಿತು. ಆದರೆ ನನ್ನನ್ನು ಏನೆಂದೂ ಕರೆಯುತ್ತಿರಲಿಲ್ಲ. ಈ ಮಗು ನನ್ನನ್ನು ತನ್ನವಳು ಅಂದುಕೊಳ್ಳಲಿ ಎಂಬುದಷ್ಟೇ ನನ್ನ ಆಸೆ. ಎಮ್ಮೆಗೂ ಒಂದು ದಿನವಿರುವ ದೇಶದಲ್ಲಿ ನನಗಿಲ್ಲವಲ್ಲ ಎಂಬ ಹೊಟ್ಟೆಯುರಿಯೂ ಇತ್ತು, ಸುಳ್ಳೇಕೆ ಹೇಳಲಿ.

ನಮ್ಮ ಕಡೆ ಸರದಿಯ ದಿನ ಗದ್ದೆಯ ಯಜಮಾನ ಬರದಿದ್ದರೆ ಪಕ್ಕದವನು ನೀರನ್ನು ತನ್ನ ಗದ್ದೆಗೆ ತಿರುಗಿಸಿಕೊಳ್ಳುತ್ತಾನೆ. ನೀರು ಹಾಳಾಗಬಾರದು, ಅಷ್ಟೇ. ಅದನ್ನು ಯಾರೂ ತಪ್ಪೆನ್ನುವುದಿಲ್ಲ. ಅದೇ ಲೆಕ್ಕದಲ್ಲಿ ಒಂದು ಸಂಜೆ ಕೇಳಿಬಿಟ್ಟೆ.

"ಸಿಂಚು, ಮಂಗ್ಳವಾರ ಸುಮ್ನೆ ಖಾಲಿ ಓಯ್ತಾ ಅದಲ್ಲ, ಅದ್ನ ನಂಗೆ ಕೊಡ್ತೀಯಾ? ನೀನೊಬ್ಳೇ ಕೂತ್ಕಳದು ತಪ್ತದೆ."

ಅವಳು ನನ್ನನ್ನೇ ನೋಡಿದಳು. ಅಳಲಿಲ್ಲ. ಎದ್ದು ಹೋಗಿ ಗುಡ್ಡಗಳನ್ನೆಲ್ಲ ಕಾಲಲ್ಲಿ ತುಳಿದಳು. ನದಿಗೆ ಅಡ್ಡವಾಗಿ ತೂಬೆಂದು ಇಟ್ಟಿದ್ದ ಕಲ್ಲನ್ನು ಕಿತ್ತು ಕಬ್ಬಿನೊಳಕ್ಕೆ ಎಸೆದಳು. ಆಮೇಲೆ ನಾನಿಟ್ಟ ತಟ್ಟೆಯನ್ನು ಮುಟ್ಟಲಿಲ್ಲ. ಬೆಳಿಗ್ಗೆ ಜಡೆಗೆ ಅಜ್ಜಿಯ ಹತ್ತಿರ ಹೋದಳು.

"ಮಕ್ಳಾಟ, ಬುಡು ಪ್ರಮೀಳಾ. ನಾಕ್ ದಿನಕ್ಕೆ ಸರೋಯ್ತದೆ," ಅಂದ ಮಂಜುನಾಥ.

"ಆಟ ಅಂತೆ ಆಟ! ನಿಮ್ಗೇನ್ ಗೊತ್ತು?" ಎಂದು ರೇಗಿದೆ. ಪಾಪ, ಡೈರಿಗೆ ಹಾಲು ಹಾಕಲು ಹೊರಟಿದ್ದವನು ಕ್ಯಾನು ಹಿಡಿದುಕೊಂಡು ಮೆಲ್ಲಗೆ ಜಾರಿಕೊಂಡ.

ಸೊಪ್ಪು ಸೋಸುತ್ತಿದ್ದ ಅತ್ತೆ ತಲೆಯೆತ್ತದೆ ಹೇಳಿದರು: "ಅವ್ಳ ಅವ್ವನ್ನ ಎತ್ತಿ ಆಚ್ಗಾಕ್ದಂಗೆ ಆಯ್ತು ಕಣವ್ವ ಅವ್ಳಿಗೆ." ಬೈದಿದ್ದರೆ ತಿರುಗಿ ಮಾತಾಡುತ್ತಿದ್ದೆ. ಮೆತ್ತಗೆ ಹೇಳಿದರು, ಅದಕ್ಕೇ ನಾಟಿತು.

ಮತ್ತೆ ಮಂಗಳವಾರ ಬಂತು. ಸಿಂಚನ ನನಗೆ ಬೆನ್ನು ಹಾಕಿ ಕಲ್ಲಿನ ಮೇಲೆ ಕೂತಳು. ನಾನು ಕೆಳಗೆ ಕೂತು ಕೆಸರು ಬಾಚಿ ಬಾಚಿ ಗುಡ್ಡ ಮಾಡತೊಡಗಿದೆ. ಅವಳು ಮಾಡುವಷ್ಟು ಚೆಂದ ಬರಲಿಲ್ಲ.

"ನಂಗೆ ಸರದಿ ಬ್ಯಾಡ," ಅಂದೆ. "ಇವತ್ತು ನಿಮ್ಮವ್ವಂದೇ ದಿನ. ಪ್ರಜೆ ಏನ್ ಮಾಡ್ಬೇಕು ಅಂತ ಹೇಳು, ಮಾಡ್ತೀನಿ."

ಆಚೆ ನೋಡುತ್ತಲೇ ಅಂದಳು: "ಮಂಗ್ಳವಾರ ಯಾರೂ ಓಡಂಗಿಲ್ಲ. ನಡೀಬೇಕು."

"ಆಯ್ತು. ಮತ್ತೆ?"

"ಊಟಕ್ ಮುಂಚೆ ಒಂದು ಸುಳ್ಳು ಹೇಳ್ಬೇಕು. ನಗು ಬರೋ ಸುಳ್ಳು."

"ಮತ್ತೆ?"

ಅವಳು ಮೂರನೆಯ ಬೆರಳು ಮಡಚಿ ಹಾಗೇ ಹಿಡಿದುಕೊಂಡಳು. "ಬೆಟ್ಟದ್ದು ಏನೋ ಒಂದಿತ್ತು. ಓದ್ ವಾರ ಗ್ಯಾಪಕ ಇತ್ತು," ಅಂದವಳು ಇದ್ದಕ್ಕಿದ್ದಂತೆ ಬಿಕ್ಕಿದಳು. "ನಂಗೆ ಎಲ್ಲ ಮರ್ತೋಯ್ತಾ ಅದೆ. ನೀವು ಬ್ಯಾರೆ ಕಾನೂನ್ ಮಾಡ್ಬುಟ್ರೆ ಅವ್ವಂದು ಯಾವ್ದು ಅಂತ ಗೊತ್ತೇ ಆಗಕಿಲ್ಲ."

ಅವಳು ವಾರವಾರವೂ ಆ ಕಲ್ಲಿನ ಮೇಲೆ ಕೂತು ತಾಯಿಯ ಮಾತುಗಳನ್ನು ಬಾಯಿಪಾಠ ಮಾಡುತ್ತಿದ್ದಳು. ಅದನ್ನು ನಾನು ಖಾಲಿ ಅಂದಿದ್ದೆ. ಕೆಸರು ಕೈಯಲ್ಲೇ ಅವಳನ್ನು ತಬ್ಬಿಕೊಂಡೆ. ಅವಳು ಕೊಸರಿಕೊಳ್ಳಲಿಲ್ಲ.

"ಗೊತ್ತಿರೋದ್ನೆಲ್ಲ ನಂಗೂ ಹೇಳು," ಅಂದೆ. "ನಾನೂ ಗ್ಯಾಪಕ ಮಡಿಕತೀನಿ. ನಿಂಗೆ ಮರ್ತೋಗಿದ್ದು ನಂಗೆ ಗೊತ್ತಿರ್ತದೆ."

ಅಂದಿನಿಂದ ಮಂಗಳವಾರ ನಾನು ಸುಕನ್ಯಳ ಪ್ರಜೆ. ಒಲೆಯ ಮೇಲೆ ಹಾಲು ಉಕ್ಕಿದರೂ ಓಡುವುದಿಲ್ಲ, ನಡೆದೇ ಹೋಗುತ್ತೇನೆ, ಅತ್ತೆ ಗೊಣಗುತ್ತಾರೆ. ಊಟಕ್ಕೆ ಮುಂಚೆ ಎಮ್ಮೆ ಬೆಳ್ಳೂರಿಗೆ ಬಸ್ಸು ಹತ್ತಿ ಹೋಗಿ ಕಾಫಿ ಕುಡಿದು ಬಂತೆಂದು ಹೇಳುತ್ತೇನೆ. ಸಿಂಚನ ಬಿದ್ದು ಬಿದ್ದು ನಗುತ್ತಾಳೆ. ನೋಡೇ ಇಲ್ಲದ ಹೆಂಗಸಿನ ಮಾತನ್ನು ಇಷ್ಟು ಕೇಳುತ್ತೇನೆಂದು ಯಾರಾದರೂ ಮೊದಲೇ ಹೇಳಿದ್ದರೆ ನಾನು ಜಗಳಕ್ಕೆ ನಿಲ್ಲುತ್ತಿದ್ದೆ.

ಈ ಮಂಗಳವಾರ ಸಿಂಚನ ತನ್ನ ಜನರಿಗೆ ಕಾನೂನು ಸಾರುತ್ತಿದ್ದಳು. "ಮಳೆ ಬಂದ್ರೆ ಎಲ್ರೂ ಒಳಿಕ್ಕೋಗ್ಬೇಕು!"

"ಅಲ್ಲ ಕಣವ್ವ," ಅಂದೆ ಬಟ್ಟೆ ಹಿಂಡುತ್ತ. "ಮಳೆ ಬಂದ್ರೆ ಎಲ್ರೂ ಆಚ್ಗೆ ಬರ್ಬೇಕು. ನಿಮ್ಮವ್ವ ಅಂದಿದ್ದು ಅಂಗೆ."

ಅವಳು ಸ್ವಲ್ಪ ಯೋಚಿಸಿ ತಲೆಯಾಡಿಸಿದಳು. ಆಮೇಲೆ ಬಂದು ನನ್ನ ಪಕ್ಕದಲ್ಲಿ ಕೂತು, ಒದ್ದೆ ಸೆರಗನ್ನು ಬೆರಳಿಗೆ ಸುತ್ತಿಕೊಂಡಳು.

"ಚಿಕ್ಕವ್ವ, ನೀನು ಅವ್ವನ್ನ ನೋಡ್ಬೇಕಾಗಿತ್ತು. ನಿಂಗೆ ತುಂಬ ಇಷ್ಟ ಆಗೋಳು."

"ಆಗ್ಲೇ ಆಗ್ಬುಟ್ಟವ್ಳೆ ಕಣವ್ವ," ಅಂದೆ. ಹಿಂಡಿದ ಬಟ್ಟೆಯನ್ನೇ ಮತ್ತೆ ಹಿಂಡಿದೆ.