ಕೈನೇಸಿನ ಉಪವಾಸ

ಎರಡು ಸಾವಿರದ ಹನ್ನೆರಡರ ಆಷಾಢ ಏಕಾದಶಿ, ಬೆಳಗಿನ ಚಹಾದ ಹೊತ್ತು. ಮಳೆ ಇನ್ನೂ ಸರಿಯಾಗಿ ಹಿಡಿದಿರಲಿಲ್ಲ. ಘಣಸೋಲಿಯ ಮನೆಯಲ್ಲಿ ನನ್ನ ತಮ್ಮ ದಯಾನಂದ ಚಹಾವನ್ನು ಕಪ್ಪಿನ ಪಕ್ಕಕ್ಕೆ ಸುರಿದ. ಕಣ್ಣಿಗೆ ಪೊರೆ ಬಂದಿತ್ತು.

ಅವನು ಹೋಟೆಲಿನಲ್ಲಿ ದೋಸೆ ಹೊಯ್ಯುವವನು. ದೋಸೆ ಕೆಂಪಾದದ್ದನ್ನು ಮೂಗಿನಿಂದ ಅಂದಾಜು ಮಾಡುತ್ತಿದ್ದ. ಮ್ಯಾನೇಜರ್ ಶಂಭು ಟಿಟ್ವಾಳಾದಿಂದ ಸರ್ವೋತ್ತಮನೆಂಬವನನ್ನು ಬದಲಿಗೆ ತಂದು ನಿಲ್ಲಿಸಿ, "ಚೌತಿಯೊಳಗೆ ಕಣ್ಣು ಸರಿ ಮಾಡಿಸಿಕೊಂಡು ಬಂದರೆ ಕಾವಲಿ ನಿನ್ನದು, ಇಲ್ಲದಿದ್ದರೆ ಅವನದು" ಎಂದಿದ್ದ. ಸಕ್ಕರೆ ಇಳಿಯದೆ ಆಪರೇಷನ್ ಇಲ್ಲ ಎಂದಿದ್ದರು ಡಾಕ್ಟರು.

ಅವನ ಮಗಳು ರಮಿತಾ ರಬಾಳೆಯ ಔಷಧಿ ಕಂಪನಿಯ ಲ್ಯಾಬಿನಲ್ಲಿದ್ದಳು.

"ಪಪ್ಪಾ, ಒಂದೊಂದು ಜೀವಕೋಶದಲ್ಲೂ ಎಎಂಪಿಕೆ ಅಂತ ಒಂದು ಕೈನೇಸ್ ಉಂಟು, ಒಂದು ನಮೂನೆ ಕಿಣ್ವ. ಶಕ್ತಿ ಕಡಿಮೆಯಾದರೆ ಅದಕ್ಕೆ ಗೊತ್ತಾಗ್ತದೆ. ಹೊಸತು ಕಟ್ಟುವ ಕೆಲಸ ಬಂದ್, ಇದ್ದ ಸಕ್ಕರೆ, ಕೊಬ್ಬು ಉರಿಸು ಅಂತದೆ."

"ಗ್ಯಾಸ್ ಮುಗಿಯುವಾಗ ನಮ್ಮ ಶಂಭು ಹೇಳಿದ ಹಾಗೆ. ಹೊಸ ಕಡಾಯಿ ಇಡಬೇಡಿ, ಇದ್ದದ್ದು ಖಾಲಿ ಮಾಡಿ."

"ಹಾಂ, ಬರಾಬರ್."

"ಹೊಟ್ಟೆ ಖಾಲಿ ಇಟ್ಟರೆ ಅದು ಏಳ್ತದಾ?"

"ಏಳ್ತದೆ. ನಡೆದರೂ ಏಳ್ತದೆ. ಲೇಕಿನ್ ಡಾಕ್ಟರನ್ನು ಕೇಳದೆ..."

ಅಷ್ಟರಲ್ಲಿ ದಯಾನಂದನ ಉಪವಾಸ ಶುರುವಾಗಿತ್ತು.

ನಮ್ಮಲ್ಲಿ ಉಪವಾಸವೆಂದರೆ ಅನ್ನ ಮುಟ್ಟಬಾರದು. ಉಳಿದದ್ದಕ್ಕೆಲ್ಲ ಫಲಾಹಾರವೆಂದು ಹೆಸರು. ಬೆಲ್ಲದ ಅವಲಕ್ಕಿ, ಬಾಳೆಹಣ್ಣು, ಖರ್ಜೂರ. ಊರು ಬಿಟ್ಟು ಮರಾಠಿಯವರ ನಾಡಿಗೆ ಬಂದ ಮೇಲೆ ಸಾಬುದಾಣೆ ಖಿಚಡಿಯೂ ಸೇರಿತು. ಅವನು ಏಕಾದಶಿ, ಸಂಕಷ್ಟಿ, ಸೋಮವಾರ, ಶನಿವಾರ ಯಾವುದನ್ನೂ ಬಿಡಲಿಲ್ಲ. ಮನೆಯಲ್ಲಿ ಪಾತ್ರೆ ತೊಳೆಯುವವನು ನಾನು. ಊಟದ ದಿನಕ್ಕಿಂತ ಉಪವಾಸದ ದಿನ ಪಾತ್ರೆ ಹೆಚ್ಚು.

ಶ್ರಾವಣ ಹಿಡಿಯುವಾಗ ನೋಡಿದರೆ ಸಕ್ಕರೆ ಏರಿತ್ತು.

"ನಿನ್ನ ಕೈನೇಸ್ ಕೆಟ್ಟಿದೆ. ಕಂಪನಿಗೆ ಹೇಳು" ಎಂದ ಮಗಳಿಗೆ.

"ಉಪವಾಸದಲ್ಲಿ ಎಂತ ತಿಂತೀರಿ?"

"ಎಂತ ಇಲ್ಲ. ಫಲಾಹಾರ."

ರಮಿತಾ ನನ್ನನ್ನು ನೋಡಿದಳು. ನಾನು ಖಿಚಡಿಯ ಪಾತ್ರೆ ತೋರಿಸಿದೆ.

"ಪಪ್ಪಾ! ಮರಾಠಿಯವರು ಸುಮ್ಮನೆ ಹೇಳುದಲ್ಲ, ಏಕಾದಶಿ, ದುಪ್ಪಟ್ ಖಾಶಿ. ಡಬಲ್ ತಿಂದರೆ ಅದು ಏಳುದು ಹೇಗೆ?"

"ಅದು ಪಂಚಾಂಗ ನೋಡುದಿಲ್ಲವಾ?"

"ಇಲ್ಲ."

"ಖಿಚಡಿಯನ್ನೂ ಊಟ ಅಂತ ಹಿಡೀತದಾ?"

"ಹಿಡೀತದೆ."

"ಧರ್ಮ ಕರ್ಮ ಇಲ್ಲದ್ದು" ಎಂದ ದಯಾನಂದ.

ಡಾಕ್ಟರು ಉಪವಾಸ ನಿಲ್ಲಿಸಿದರು. ಹೊತ್ತಿಗೆ ಸರಿಯಾಗಿ ಮಾತ್ರೆ, ಭಾಕರಿ, ಪಲ್ಯ, ಬೆಳಿಗ್ಗೆ ನಡಿಗೆ. ಶ್ರಾವಣ ಮುಗಿಯುವಾಗ ಸಕ್ಕರೆ ಇಳಿಯಿತು, ಆಪರೇಷನ್ ಆಯಿತು. ಆ ವರ್ಷ ಅಧಿಕ ಭಾದ್ರಪದ ಬಂದು ಚೌತಿ ಒಂದು ತಿಂಗಳು ಮುಂದಕ್ಕೆ ಹೋಗಿತ್ತು.

ಒಲೆಯ ಹತ್ತಿರ ಹೋಗಬಹುದೆಂದು ಡಾಕ್ಟರು ಹೇಳಿದ ಮೇಲೆ ದಯಾನಂದ ಹೋಟೆಲಿಗೆ ಹೋದ. ನಾನೂ ಜೊತೆಗಿದ್ದೆ. ದೋಸೆ ಹೊಯ್ದು, ಬಗ್ಗಿ ನೋಡಿ, ಕೆಂಪಾದ ಕೂಡಲೇ ಎತ್ತಿದ. ಶಂಭು ಅದನ್ನು ಸರ್ವೋತ್ತಮನ ಮುಂದಿಟ್ಟ. ಸರ್ವೋತ್ತಮ ಆ ದೋಸೆ ತಿಂದ, ಕೈ ತೊಳೆದ, ಚೀಲ ಹೆಗಲಿಗೇರಿಸಿ ಟಿಟ್ವಾಳಾಕ್ಕೆ ಹೊರಟ. ಅಂದು ಮಂಗಳವಾರ, ಅಂಗಾರಕಿ ಸಂಕಷ್ಟಿ. ಅಲ್ಲಿಯ ಗಣಪತಿಗೆ ಹೋಗುವವರ ನಡುವೆ ಅವನಿಗೆ ರೈಲುಗಾಡಿಯಲ್ಲಿ ನಿಲ್ಲಲೂ ಜಾಗ ಸಿಕ್ಕಿರಲಿಕ್ಕಿಲ್ಲ.