ಮೂರನೇ ಚರಣ

ಮಿದುಳಿನ ಗೆರೆ ಓದುವುದರಲ್ಲಿ ಫುಆಟಿನೋಳನ್ನು ಮೀರಿಸುವವರು ಆಕ್ಲೆಂಡಿನ ಆ ಆಸ್ಪತ್ರೆಯಲ್ಲಿ ಯಾರೂ ಇರಲಿಲ್ಲ. ಹಾಗೆಂದು ಎಲ್ಲರಿಗಿಂತ ಮೊದಲು ಒಪ್ಪುವವಳೂ ಅವಳೇ. ಹತ್ತೊಂಬತ್ತು ವರ್ಷದಿಂದ ತಿಂಗಳು ತುಂಬದ ಕೂಸುಗಳ ತಲೆಗೆ ತಂತಿ ಅಂಟಿಸಿ, ಮಿದುಳಿನ ಅಲೆ ಪರದೆಯ ಮೇಲೆ ಗೆರೆಯಾಗಿ ಓಡುವುದನ್ನು ನೋಡುತ್ತ ಬಂದವಳು. ಆ ಬೆಳಿಗ್ಗೆ ಹೊಸ ಡಾಕ್ಟರ್ ಕ್ಯಾಲಮ್ ಪರದೆ ನೋಡಿದವನೇ ಸಿರಿಂಜ್ ಎತ್ತಿಕೊಂಡ.

"ಫಿಟ್ಸ್ ಬರ್ತಿದೆ. ನೋಡಿ, ಒಂದೇ ಸಮ ಅಲೆ. ಔಷಧಿ ಕೊಟ್ಟುಬಿಡೋಣ."

ಎರಡೂವರೆ ತಿಂಗಳು ಮೊದಲೇ ಹುಟ್ಟಿದ ಆ ಹೆಣ್ಣುಕೂಸಿಗೆ ಉಸಿರಿನ ಕೊಳವೆ ತೆಗೆದು ಎರಡೇ ದಿನವಾಗಿತ್ತು. ಔಷಧಿ ಒಳಗೆ ಹೋದರೆ ಉಸಿರು ಕುಗ್ಗಿ, ಕೊಳವೆ ಮತ್ತೆ ಗಂಟಲಿಗೆ ಇಳಿಯಬೇಕಾದೀತು. ಅಜ್ಜಿ ಲೇಪೆಕಾ ಕೂಸನ್ನು ಎದೆಗವಚಿ, ಮೇಲೆ ಕಂಬಳಿ ಹೊದ್ದು, ತನ್ನೂರು ಸಮೋವಾ ದ್ವೀಪದ ಸ್ತೋತ್ರವೊಂದನ್ನು ಗುನುಗುತ್ತಿದ್ದಳು.

ಗುನುಗು ನಿಂತಿತು. ಪರದೆಯ ಅಲೆಯೂ ನಿಂತಿತು. ಗುನುಗು ಶುರುವಾಯಿತು, ಅಲೆಯೂ ಎದ್ದಿತು.

"ಸಿರಿಂಜ್ ಕೆಳಗಿಡಿ ಡಾಕ್ಟ್ರೇ," ಎಂದಳು ಫುಆಟಿನೋ. "ಅಜ್ಜೀ, ಕೂಸಿನ ಬೆನ್ನು ತಟ್ತಿದ್ದೀರಾ?"

"ನಾನ್ಯಾಕೆ ತಟ್ಲಿ? ತಟ್ಟಬೇಡಿ ಅಂತ ನಿನ್ನೆ ನರ್ಸು ಬೈದಿಲ್ವಾ?"

"ನಮ್ ಚರ್ಚಲ್ಲೂ ಇದೇ ಹಾಡು. ಎರಡನೇ ಚರಣ ಮುಗಿಸಿ ನೀವು ಉಸಿರು ತಗೊಂಡ್ರಿ, ಅಲೆ ನಿಂತ್ಹೋಯ್ತು. ಇಷ್ಟುದ್ದ ಕೂಸಿನ ಮಿದುಳಿಗೆ ಚರಣ ಗೊತ್ತಾ? ತಟ್ಟಿದಾಗ ತಂತಿ ಅಲುಗಿ ಬರೋ ಅಲೆ ಇದು. ಸುಳ್ಳು ಹೇಳಿದ್ರೆ ಔಷಧಿ ಹೋಗೋದು ನಿಮ್ ಮೊಮ್ಮಗಳ ಮೈಗೆ."

ಅಜ್ಜಿಯ ಮುಖ ಇಳಿದುಹೋಯಿತು. ಕಂಬಳಿಯಿಂದ ಕೈ ಹೊರಗೆ ಬಂತು.

"ಒಂದೇ ಬೆರಳು ಕಣೇ. ನನ್ ಐದೂ ಮಕ್ಕಳು ಹೀಗೇ ಮಲಗಿದ್ದು."

ಅಲೆ ಮಾಯವಾಯಿತು. ಗೆರೆ ಹೆಚ್ಚುಕಡಿಮೆ ಚಪ್ಪಟೆ. ಐದು ಸೆಕೆಂಡು. ಎಂಟು. ಕ್ಯಾಲಮ್ ಪರದೆಯ ಹತ್ತಿರಕ್ಕೆ ಬಗ್ಗಿದ.

"ಏನೂ ಇಲ್ವಲ್ಲ."

"ಈ ವಯಸ್ಸಿನ ಮಿದುಳು ಸ್ವಲ್ಪ ಮಾತಾಡುತ್ತೆ, ಸುಸ್ತಾಗಿ ಸುಮ್ಮನಾಗುತ್ತೆ. ತಾಳಿ."

ಹತ್ತನೇ ಸೆಕೆಂಡಿಗೆ ಗೆರೆ ತಾನಾಗಿ ಎದ್ದಿತು. ಒರಟಾಗಿ, ತಾಳ ತಪ್ಪಿ, ಯಾರ ಹಾಡಿಗೂ ಸೇರದೆ.

"ಇದು ಅವಳದ್ದು," ಎಂದಳು ಫುಆಟಿನೋ. ಎಷ್ಟು ಸಲ ಕಂಡಿದ್ದರೂ ಅವಳಿಗೆ ಸಂತೋಷವಾಯಿತು.

ಕ್ಯಾಲಮ್ ಔಷಧಿ ವಾಪಸ್ ಕಳಿಸಿದ. ಅಜ್ಜಿ ಅಳುತ್ತಿದ್ದಳು.

"ನನ್ ಬೆರಳಿಂದ ಎಂಥಾ ಅನಾಹುತ ಆಗ್ತಿತ್ತಲ್ಲೇ."

"ಆಗ್ಲಿಲ್ವಲ್ಲ. ಕೈ ಒಳಗಿಡಿ, ಅವಳಿಗೆ ನಿಮ್ ಬಿಸಿ ಬೇಕು. ಬೆರಳು ಮಾತ್ರ ಅಲ್ಲಾಡಬಾರದು. ಹಾಡಿ, ಮೂರನೇ ಚರಣ ಬಾಕಿ ಇದೆ."

ಅಜ್ಜಿ ಮೂಗೊರೆಸಿಕೊಂಡು ಹಾಡಿದಳು. ಬೆರಳು ಅಲ್ಲಾಡಲಿಲ್ಲ. ಚಪ್ಪಲಿಯೊಳಗೆ ಕಾಲಿನ ಹೆಬ್ಬೆರಳು ಮಾತ್ರ ತಾಳ ಹಾಕುತ್ತಿತ್ತು. ಫುಆಟಿನೋ ಅದನ್ನು ನೋಡಿದಳು, ಪರದೆಯನ್ನೂ ನೋಡಿದಳು. ಗೆರೆ ಮಾತ್ರ ತನ್ನ ಪಾಡಿಗೆ ತಾಳ ತಪ್ಪಿಯೇ ಓಡುತ್ತಿತ್ತು.