ಅಮಾವಾಸ್ಯೆಯ ಹಸಿರು

“ಕಂಪ್ಯೂಟರಿಗೆ ಅಮಾಸೆ ಗೊತ್ತಾಗಲ್ಲ ಉಚ್ಚೆಂಗಪ್ಪೋರೇ,” ಎಂದು ಸುನೀತಾ ಮೂರನೆಯ ಸಲ ಹೇಳಿದಳು.

“ಇದಕ್ಕೆ ಗೊತ್ತಾಗತೈತ್ರಿ ಮೇಡಂ. ಕ್ಯಾಲೆಂಡರ್ ನೋಡಂಗಿಲ್ಲ, ಅಷ್ಟೇ.”

ಕಂಪ್ಯೂಟರ್ ರಿಪೇರಿಯ ಸುನೀತಾ ದಾವಣಗೆರೆಯಿಂದ ಗುತ್ತೂರಿನ ಈ ಎರಕದ ಕಾರ್ಖಾನೆಗೆ ಬರುತ್ತಿರುವುದು ಇದು ಮೂರನೆಯ ದಿನ. ಎರಡು ದಿನ ಪರದೆ ಹೆಣ್ಣು ನೋಡಲು ಬಂದವರೆದುರು ಕೂತ ಹುಡುಗಿಯಂತೆ ಸಭ್ಯವಾಗಿತ್ತು. ಇಪ್ಪತ್ತೈದು ವರ್ಷದ ಯಂತ್ರ. ಭಟ್ಟಿಯ ಪ್ರೋಗ್ರಾಂ ಬೇರೆ ಯಾವುದರಲ್ಲೂ ಓಡದೆಂದು ಯಾರೂ ಅದನ್ನು ಬದಲಿಸಿರಲಿಲ್ಲ. ಪರದೆಯಲ್ಲೊಂದು ದಪ್ಪ ಪಟ್ಟಿ. ಹಸಿರಿದ್ದರೆ ಭಟ್ಟಿಯ ಬಾಗಿಲು ತೆಗೆಯಬಹುದು, ಕೆಂಪಿದ್ದರೆ ಕೂಡದು. ಹೋದ ಅಮಾವಾಸ್ಯೆ ಭಟ್ಟಿ ನಡೆಸುವ ಉಚ್ಚೆಂಗಪ್ಪ ಕೆಂಪಿನಲ್ಲಿ ತೆಗೆದು ಎರಡೂ ಹುಬ್ಬು ಸುಟ್ಟುಕೊಂಡಿದ್ದ. ಹಸಿರಿತ್ತೆಂದು ಅವನ ಹಟ. ತಪ್ಪು ಪರದೆಯದೆಂದು ಇವತ್ತಿನ ಅಮಾವಾಸ್ಯೆಯಲ್ಲಿ ತೋರಿಸದಿದ್ದರೆ ಅವನ ಕೆಲಸ ಹೋದಂತೆ. ಹುಬ್ಬಿಲ್ಲದ ಮುಖದಲ್ಲಿ ಭಯವೂ ಆಶ್ಚರ್ಯವೂ ಒಂದೇ ಥರ ಕಾಣುತ್ತಿದ್ದವು.

ಕಸ ಗುಡಿಸುವ ಉಡಚಮ್ಮ ತಟ್ಟೆಯಲ್ಲಿ ಕಾಯಿ, ಕುಂಕುಮ, ಲಿಂಬೆಹಣ್ಣು ತಂದಳು. ಎರಡು ವರ್ಷದ ಹಿಂದೆ ಅವಳ ಗಂಡ ಹುಲಿಯಪ್ಪ ಪರದೆಯೆದುರಿನ ಇದೇ ಕುರ್ಚಿಯಲ್ಲಿ ಕೂರುತ್ತಿದ್ದವನು, ಇದೇ ಬಾಗಿಲು ತೆಗೆದು ಸುಟ್ಟು ಸತ್ತ. ಕುಡಿದಿದ್ದನೆಂದು ವಿಚಾರಣೆಯಲ್ಲಿ ಬರೆದುಕೊಂಡು ಇವಳಿಗೆ ಪೊರಕೆ ಕೊಟ್ಟಿದ್ದರು.

“ಮೇಡಂ, ಚಪ್ಲಿ ಬಿಡ್ರಿ.”

ಸುನೀತಾ ಬಿಟ್ಟಳು. ಅಮಾವಾಸ್ಯೆಯ ಪೂಜೆ ಲಾರಿಗೂ ಇದೆ, ತಕ್ಕಡಿಗೂ ಇದೆ, ಕಂಪ್ಯೂಟರಿಗೆ ಮಾತ್ರ ಏಕಿರಬಾರದು? ಉಚ್ಚೆಂಗಪ್ಪ ಪರದೆಯ ಚೌಕಟ್ಟಿಗೆ ಕುಂಕುಮವಿಟ್ಟು, ಮೌಸ್ ಹಿಡಿದು, ಪಟ್ಟಿಯ ಪಕ್ಕದಲ್ಲೊಂದು ಪುಟ್ಟ ಕಿಟಕಿ ತೆರೆದ.

“ಇದೇನಿದು?”

“ಉಚ್ಚೆಂಗೆಮ್ಮನ ಫೋಟೋ. ಕಾಯಿ ಒಡೀಬೇಕಂದ್ರೆ ಎದುರಿಗೆ ದೇವ್ರು ಬ್ಯಾಡೇನ್ರಿ? ಪೂಜೆ ದಿನ ಅಷ್ಟೇ ತೆಗೆಯೋದು.”

ಹಸಿರು ಸೀರೆಯುಟ್ಟ ಅಮ್ಮನ ಮುಖ ಬಂಗಾರದ ಬಣ್ಣದಲ್ಲಿ ಬೆಳಗಿತು. ಪಕ್ಕದ ಕೆಂಪು ಪಟ್ಟಿ ಸದ್ದಿಲ್ಲದೆ ಹಸಿರಾಯಿತು. ಗೋಡೆಯಾಚೆ ಭಟ್ಟಿ ಮೊದಲಿನಂತೆಯೇ ಮೊರೆಯುತ್ತಿತ್ತು.

ಸುನೀತಾ ಪರದೆಯ ಹತ್ತಿರ ಬಾಗಿದಳು. “ಮೌಸ್ ಪಟ್ಟಿ ಮೇಲೆ ತಗೊಂಡ್ ಹೋಗ್ರಿ.”

ಪಟ್ಟಿ ಕೆಂಪಾಯಿತು. ದೇವಿಯ ಮುಖ ಹೆಣದ ತುಟಿಯಂತೆ ನೀಲಿಗಟ್ಟಿತು.

“ವಾಪಸ್.”

ಬಂಗಾರದ ಮುಖ. ಹಸಿರು ಪಟ್ಟಿ.

“ಈ ಪರದೆಗಿರೋದು ಒಂದೇ ಬಣ್ಣದ ಡಬ್ಬಿ, ಇನ್ನೂರ ಐವತ್ತಾರು ಖಾನೆ,” ಎಂದಳು ಅವಳು ನಿಧಾನವಾಗಿ. “ಮೌಸ್ ಯಾವ ಕಿಟಕಿ ಮೇಲೈತೋ ಅದು ತನ್ನ ಬಣ್ಣ ತುಂಬ್ಕೊಳ್ತೈತೆ. ಪಕ್ಕದ್ದಕ್ಕೆ ಖಾನೆ ನಂಬರ್ ಅಷ್ಟೇ ಗೊತ್ತು. ಕೆಂಪಿನ ಖಾನೆಯೊಳಗೆ ಈಗ ಅಮ್ಮನ ಸೀರೆ ಬಣ್ಣ ಐತೆ.”

“ಅಂದ್ರೆ ನಾ ಸುಳ್ಳು ಹೇಳಿಲ್ಲ!” ಉಚ್ಚೆಂಗಪ್ಪ ನಕ್ಕೇಬಿಟ್ಟ. “ನೌಕ್ರಿ ಉಳೀತು ಕಣಕ್ಕಾ!”

ಉಡಚಮ್ಮನ ತಟ್ಟೆ ಕೈಯಲ್ಲೇ ಇತ್ತು.

“ಅವತ್ತೂ ಅಮಾಸೆ ಇತ್ತಲ್ಲಪ್ಪ.”

ನಗು ನಿಂತಿತು. ಅವತ್ತೂ ಅಮ್ಮನನ್ನು ತೆರೆದವನು ಇವನೇ. ಹುಲಿಯಪ್ಪ ಪಟ್ಟಿ ನೋಡಿ ಎದ್ದು ಹೋಗಿದ್ದ. ಕೂಗು ಕೇಳಿದೊಡನೆ ಇವನು ಭಟ್ಟಿ ಆರಿಸಲು ಓಡಿಬಂದು ಮೌಸ್ ಹಿಡಿದು ಪಟ್ಟಿಯ ಮೇಲೆ ಒಯ್ದಿದ್ದ. ವಿಚಾರಣೆಯಲ್ಲಿ ಕಂಡದ್ದನ್ನೇ ಹೇಳಿ ಸಹಿ ಹಾಕಿದ್ದ.

“ನಾ ನೋಡಿದಾಗ ಕೆಂಪಿತ್ತಕ್ಕಾ. ಅಮ್ಮನಾಣೆ, ಕೆಂಪೇ ಇತ್ತು.”

“ನೀ ಮುಟ್ಟಿದ ಮ್ಯಾಲೆ.”

ಸುನೀತಾ ವರದಿಯ ಹಾಳೆ ತೆಗೆದು, ಹೋದ ತಿಂಗಳ ತಾರೀಕು ಬರೆದು, ಅದರ ಕೆಳಗೆ ಒಂದು ಸಾಲು ಖಾಲಿ ಬಿಟ್ಟಳು. “ಅವತ್ತಿನ ತಾರೀಕು ಹೇಳ್ರಿ ಉಡಚಮ್ಮ,” ಎಂದಳು.

ಉಡಚಮ್ಮ ತಟ್ಟೆಯನ್ನು ನೆಲಕ್ಕಿಟ್ಟಳು. ಸೆರಗಿಗೆ ಕೈ ಒರೆಸಿಕೊಂಡು, ಎರಡು ವರ್ಷ ಬರೀ ಧೂಳು ಹೊಡೆದಿದ್ದ ಕುರ್ಚಿಯಲ್ಲಿ ಕೂತಳು. ಕಾಲು ನೆಲಕ್ಕೆ ಎಟುಕಲಿಲ್ಲ. ಮೌಸ್ ಮುಟ್ಟದೆ, ಭಟ್ಟಿಯ ಬಾಗಿಲಿನ ಕಡೆಗೊಮ್ಮೆ ತಿರುಗಿ, ಮತ್ತೆ ಆ ಹಸಿರನ್ನು ನೋಡುತ್ತ ಕೂತಳು.